ಕಿಟಕಿ ಸೀಟು ಯಾವ ಕಡೆ, ಅಣ್ಣಾ?

ಮಲಪನಗುಡಿಯ ಅಭಿಮಾನಿಯೊಬ್ಬ ಕೇಳಿದ್ದಾನೆ: “ಅಣ್ಣಾ, ಬೆಂಗಳೂರಿನಿಂದ ಊರಿಗೆ ಮೊದಲ್ನೇ ಸಲ ವಿಮಾನದಾಗ ಬರ್ಬೇಕಂತ ಆಸೆ. ಡ್ಯಾಮು, ಹಂಪಿ ಗುಡ್ಡ ಮೇಲಿಂದ ನೋಡ್ಬೇಕು. ಯಾವ ಸೀಟು ಹಿಡೀಲಿ?”

ಭೇಷ್ ತಮ್ಮಾ! ಹೊಸಪೇಟೆ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯೋ ನಮ್ಮ ಕಲೆ ಇಲ್ಲಿ ನಡೆಯೋದಿಲ್ಲ. ಇಲ್ಲಿ ಬೇಕಾದ್ದು ಭೂಪಟ!

ನಮ್ಮ ಸೀಮೆಯ ನಿಲ್ದಾಣ ಇರೋದು ತೋರಣಗಲ್ಲಿನ ಹತ್ತಿರ ವಿದ್ಯಾನಗರದಲ್ಲಿ, ಹೊಸಪೇಟೆಯಿಂದ ಸುಮಾರು 35 ಕಿ.ಮೀ. 2017ರಲ್ಲಿ ಉಡಾನ್ ಯೋಜನೆಯಲ್ಲಿ ಅಲ್ಲಿಗೆ ಎಟಿಆರ್ 72 ವಿಮಾನ ಬಂತು. ಆಮೇಲೆ ಕಂಪನಿ ಬದಲಾಗಿವೆ, ವೇಳೆಯೂ ಬದಲಾಗುತ್ತೆ. ಟಿಕೆಟ್ ತೆಗೆಯೋ ದಿನ ವಿಚಾರಿಸಿಕೋ.

ಈಗ ಲೆಕ್ಕ ಕೇಳು. ಬೆಂಗಳೂರಿನಿಂದ ವಿಮಾನ ಉತ್ತರಕ್ಕೆ, ಸ್ವಲ್ಪ ಪಶ್ಚಿಮಕ್ಕೆ ವಾಲಿ ಬರುತ್ತೆ. ಸಂಡೂರು ಗುಡ್ಡ, ತುಂಗಭದ್ರಾ ಜಲಾಶಯ, ಹಂಪಿ ಬಂಡೆಗಳು ಎಲ್ಲಾ ಎಡಗಡೆಗೇ! ಅಂದ್ರೆ ‘ಎ’ ಸೀಟು. ಬೆಳಿಗ್ಗೆ ಬಂದರೆ ಇನ್ನೂ ಒಳ್ಳೇದು, ಸೂರ್ಯ ಬಲಗಡೆ ಇರ್ತಾನೆ, ಕಣ್ಣಿಗೆ ಕುಕ್ಕೋದಿಲ್ಲ. ವಾಪಸ್ ಹೋಗೋವಾಗ ಬಲಗಡೆ. ಹೈದರಾಬಾದಿನಿಂದ ಬರೋರಿಗೂ ಬಲಗಡೆಯೇ. ಇಳಿಯೋ ಹೊತ್ತಿಗೆ ಗಾಳಿ ನೋಡಿ ಪೈಲಟ್ ಒಂದು ಸುತ್ತು ಹಾಕಿದರೆ ಕಡೆ ಅದಲುಬದಲಾದೀತು. ಅದು ಬೋನಸ್ ರೀಲು ಅಂದ್ಕೋ!

ಇನ್ನು ಸಾಲು. ಟಾಕೀಸಿನಲ್ಲಿ ಕಂಬದ ಹಿಂದಿನ ಸೀಟು ಹೇಗೋ, ದೊಡ್ಡ ಜೆಟ್‌ನಲ್ಲಿ ರೆಕ್ಕೆ ಮೇಲಿನ ಸೀಟು ಹಾಗೆ. ದುಡ್ಡು ಕೊಟ್ಟು ಬರೀ ತಗಡು ನೋಡೋದು! ಏರ್‌ಬಸ್, ಬೋಯಿಂಗ್ ಆದರೆ ಮುಂದಿನ ಸಾಲು ಇಲ್ಲಾ ಕಟ್ಟಕಡೆಯ ಸಾಲು ಕೇಳು. ಬೋಯಿಂಗ್ 737ರಲ್ಲಿ ರೆಕ್ಕೆಯ ಮುಂಚೆ ಒಂದು ಸಾಲಿನ ಪಕ್ಕ ಕಿಟಕಿಯೇ ಇರೋದಿಲ್ಲ, ಗಾಳಿ ಕೊಳವೆ ಹೋಗಿರುತ್ತೆ. ‘ವಿಂಡೋ’ ಅಂತ ಹೆಚ್ಚು ದುಡ್ಡು ಕೊಟ್ಟು ಗೋಡೆ ನೋಡಬೇಡ. ಎಟಿಆರ್ ಆದರೆ ನೀನೇ ರಾಜ! ಅದರ ರೆಕ್ಕೆ ಕಿಟಕಿಗಿಂತ ಮೇಲೆ, ನೆಲಕ್ಕೆ ಅಡ್ಡ ಬರೋದಿಲ್ಲ. ಫ್ಯಾನಿನ ಪಕ್ಕ ಮಾತ್ರ ಬೇಡ, ಸದ್ದು ಜಾಸ್ತಿ. ಹಿಂದಿನ ಸಾಲು ಹಿಡಿ. ಅದು 25 ಸಾವಿರ ಅಡಿಗಿಂತ ಮೇಲೆ ಹಾರೋದಿಲ್ಲ, ಊರು ಕೇರಿ ಚೆನ್ನಾಗಿ ಕಾಣುತ್ತೆ.

ಯಾವ ತಿಂಗಳು? ಮಳೆಗಾಲದಾಗ ಬರೀ ಮೋಡ, ಬೇಸಿಗೆಯಲ್ಲಿ ನೀರು ತಳ ಸೇರಿರುತ್ತೆ. ಮಳೆ ಮುಗಿದ ಮೇಲೆ ಅಕ್ಟೋಬರ್, ನವೆಂಬರ್ ಬಾ.

ನಮ್ಮ ಸಿನಿಮಾದವರಿಗೆ ಈ ಮೇಲಿನ ನೋಟದ ಬೆಲೆ ಗೊತ್ತು. 1978ರಲ್ಲೇ ‘ಸಿಂಗಾಪೂರ್‌ನಲ್ಲಿ ರಾಜಾಕುಳ್ಳ’ನಿಗಾಗಿ ದ್ವಾರಕೀಶ್, ವಿಷ್ಣು ಜೋಡಿ ವಿದೇಶಕ್ಕೆ ಹಾರಿತು. 2006ರಲ್ಲಿ ‘ಮುಂಗಾರು ಮಳೆ’ ಜೋಗವನ್ನು ಮೇಲಿಂದ ತೋರಿಸಿದಾಗ ಥಿಯೇಟರಿನಲ್ಲಿ ಶಿಳ್ಳೆ! ಆದರೆ ಅಲ್ಲಿ ಕ್ಯಾಮೆರಾದವರು ತೋರಿಸಿದ್ದನ್ನೇ ನಾವು ನೋಡ್ತೀವಿ. ಈ ಕಿಟಕಿಗೆ ಎಡಿಟರ್ ಇಲ್ಲ ತಮ್ಮಾ!

ಅದಕ್ಕೇ ಒಂದು ಮಾತು. ಎಡಗಡೆ ಸಂಡೂರಿನ ಹಸಿರು ಬಂದಾಗ ಅದರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಕೆಂಪು ಗಾಯಗಳೂ ಬರ್ತವೆ. ಅದಿರಿಗಾಗಿ ಅಗೆದ ಗುಡ್ಡಗಳು ಅವು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಕೆಳಗೆ ರಸ್ತೆಯಲ್ಲಿ ಲಾರಿ ಧೂಳಷ್ಟೇ ನಮ್ಮ ಕಣ್ಣಿಗೆ ಬೀಳೋದು. ಎಷ್ಟು ಗುಡ್ಡ ಹೋಯ್ತು ಅನ್ನೋದು ಮೇಲಿಂದಲೇ ತಿಳಿಯೋದು. ಡ್ಯಾಮಿನ ನೀರಿಗೆ ಮೊಬೈಲ್ ಎತ್ತಿದವನು ಅಲ್ಲಿಗೂ ಎತ್ತು. ನಮ್ಮೂರಿನ ಚೆಲುವೂ ಎಡಗಡೆ, ಗಾಯವೂ ಎಡಗಡೆ. ಎರಡನ್ನೂ ನೋಡಿದವನೇ ಟಿಕೆಟ್ಟಿನ ಪೂರ್ತಿ ದುಡ್ಡು ವಸೂಲಿ ಮಾಡಿದವನು!