ಟ್ಯೂಬಿನ ಬೆನ್ನು ಓದಿದೆವು

"ಅಜ್ಜೀ, ನಾಳೆ ನನಗೆ ಟೋಪಿಯೂ ಬೇಡ, ಸನ್‌ಸ್ಕ್ರೀನೂ ಬೇಡ. ಅಮ್ಮನ ಫೌಂಡೇಶನ್‌ನಲ್ಲೇ ಎಸ್‌ಪಿಎಫ್ 30 ಇದೆ!"

ಏಳನೇ ತರಗತಿಯ ಮೊಮ್ಮಗಳು ಟ್ಯೂಬು ಹಿಡಿದು ಬಂದಳು. ಮರುದಿನ ಶಾಲೆಯ ಕ್ರೀಡಾಕೂಟ. ಹೋದ ವರ್ಷ ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದು ಎರಡು ದಿನ ಅತ್ತದ್ದನ್ನು ಅವಳು ಮರೆತಿದ್ದಳು, ನಾನು ಮರೆತಿರಲಿಲ್ಲ. ಗದರಿದರೆ ಕೇಳುವ ವಯಸ್ಸಲ್ಲ. "ಬಾ, ಇದರಲ್ಲಿ ಏನೇನಿದೆ ನೋಡೋಣ" ಎಂದು ಭೂತಗನ್ನಡಿ ತಂದೆ.

ಮುಂದೆ ದಪ್ಪಕ್ಷರದಲ್ಲಿ 'ನಿಯಾಸಿನಮೈಡ್ ಇದೆ' ಎಂಬ ಹೆಗ್ಗಳಿಕೆ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮಕ್ಕಳೇ, ಈ ಪಟ್ಟಿಯಲ್ಲಿ ಹೆಚ್ಚು ಇರುವ ಪದಾರ್ಥ ಮೊದಲು, ಕಡಿಮೆ ಇರುವುದು ಆಮೇಲೆ ಬರುತ್ತದೆ. ಶೇ 1ಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಇರಬಹುದು.

ಮೊದಲು ನೀರು. ಆಮೇಲೆ ಅತಿನೇರಳೆ ಕಿರಣ ತಡೆಯುವ ಬಿಳಿ ಪುಡಿ ಟೈಟಾನಿಯಂ ಡೈಆಕ್ಸೈಡ್. ತೇವ ಹಿಡಿದಿಡುವ ಗ್ಲಿಸರಿನ್. ಬಣ್ಣಕ್ಕೆ ಐರನ್ ಆಕ್ಸೈಡ್. ಕೆಡದಂತೆ ಕಾಯುವ ಫಿನಾಕ್ಸಿಎಥನಾಲ್. ಇದು ಶೇ 1 ಮೀರುವಂತಿಲ್ಲ. ನಮ್ಮ ನಿಯಾಸಿನಮೈಡ್ ಕುಳಿತಿದ್ದದ್ದು ಅದರ ನಂತರ! ಅಂದರೆ ಅದೂ ಶೇ 1 ದಾಟಿಲ್ಲ. ಚರ್ಮಕ್ಕೆ ಗುಣ ಕಂಡ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸಿರುವುದು ಶೇ 2ರಿಂದ 5ರಷ್ಟು.

"ಒಂದೇ ಗೋಡಂಬಿ ಹಾಕಿ ಗೋಡಂಬಿ ಪಾಯಸ ಅಂದ ಹಾಗಾಯ್ತು" ಎಂದೆ. ನಕ್ಕಳು. "ಎಸ್‌ಪಿಎಫ್ ಕೂಡ ಸುಳ್ಳಾ?"

"ಸುಳ್ಳಲ್ಲ ಪುಟ್ಟಿ. ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷಿಸಿದಾಗ ಬರುವ ಅಂಕಿ ಅದು. ಮುಖ ಸುಮಾರು 600 ಚದರ ಸೆಂಟಿಮೀಟರ್ ಅಂದುಕೋ. ಲೆಕ್ಕ ಹಾಕು."

ಬೆರಳು ಮಡಚಿದಳು. "1,200 ಮಿಲಿಗ್ರಾಂ. ಒಂದು ಸಲಕ್ಕೆ 1.2 ಗ್ರಾಂ. ಟ್ಯೂಬು 30 ಗ್ರಾಂ... 25 ದಿನಕ್ಕೆ ಖಾಲಿ ಆಗ್ಬೇಕು! ಅಮ್ಮ ಇದನ್ನ ಯುಗಾದಿಗೆ ತಂದದ್ದು. ದಿನಾ ಆಫೀಸಿಗೆ ಹಚ್ಕೊಂಡು ಹೋಗ್ತಾಳೆ. ದೀಪಾವಳಿ ಮುಗಿದ್ರೂ ಅರ್ಧ ಉಳಿದಿದೆ!"

ನಾನು ಸುಮ್ಮನಿದ್ದೆ. ತಾನೇ ಹೇಳಿದಳು: "ಹಾಗಾದ್ರೆ ಅಮ್ಮನ ಮುಖಕ್ಕೂ 30 ಸಿಗ್ತಿಲ್ಲ."

ಬೆಳಿಗ್ಗೆ ಸನ್‌ಸ್ಕ್ರೀನ್ ಧಾರಾಳವಾಗಿ ಹಚ್ಚಿಕೊಂಡಳು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಲು ಚೀಲದಲ್ಲೂ ಇಟ್ಟುಕೊಂಡಳು. ಟೋಪಿ ತಾನೇ ಹುಡುಕಿದಳು. ಹೊರಡುವ ಮುನ್ನ ಅಮ್ಮನಿಗೂ ಲೆಕ್ಕ ಒಪ್ಪಿಸಿದಳು.

ಸಂಜೆ ಬಂದಾಗ ಕೊರಳಲ್ಲಿ ಕಂಚಿನ ಪದಕ. ನಾನು ಮೊದಲು ನೋಡಿದ್ದು ಮೂಗನ್ನು. ಸಿಪ್ಪೆ ಎದ್ದಿರಲಿಲ್ಲ.

ಈ ವಾರ ನೀವೂ ಮನೆಯ ಒಂದು ಟ್ಯೂಬಿನ ಬೆನ್ನು ಓದಿ, ಮಕ್ಕಳೇ. ಭೂತಗನ್ನಡಿ ಅಜ್ಜ-ಅಜ್ಜಿಯ ಬಳಿ ಇದ್ದೇ ಇರುತ್ತದೆ.