ನಾದದ ಆಯುಸ್ಸು

ಕನ್ನಡ ಬಳಗದ ಪತ್ರಿಕೆಯಲ್ಲಿ ಬೇಸ್ ಗಿಟಾರಿನ ಪುರಾಣವೇ ಎಂದು ಮೂಗು ಮುರಿಯಬೇಡಿ, ಮಿತ್ರರೇ. ಈ ಪಾಠಕ್ಕೆ ನಾನು ಒಂದು ತಿಂಗಳ ಮೆಸ್ ಬಿಲ್ಲನ್ನೇ ಫೀಸು ಕಟ್ಟಿದ್ದೇನೆ. ನೀವು ಕಟ್ಟೋದು ಬೇಡ ಅಂತ ಬರೀತಿದ್ದೇನೆ.

ಕಳೆದ ಗ್ಯಾದರಿಂಗ್‌ನಲ್ಲಿ ನಮ್ಮ ಮಿತ್ರನೊಬ್ಬನ ಭಾವಗೀತೆಗೆ ನನ್ನ ಬೇಸ್ ಸಾಥ್. ಅವನ ಷಡ್ಜ ಬಿಳಿ ಒಂದು. ನನ್ನ ಸೆಕೆಂಡ್‌ಹ್ಯಾಂಡ್ ಗಿಟಾರಿನ ಜಿ ತಂತಿಯ 5ನೇ ಫ್ರೆಟ್ಟಿನಲ್ಲಿ ಬರುವುದೂ ಅದೇ ಸ್ವರ. ಅವನು ಷಡ್ಜ ಹಿಡಿದು ನಿಂತ. ನನ್ನದು ಹುಟ್ಟಿದ ಕೂಡಲೇ ಸತ್ತಿತು. ಮನೆಯಲ್ಲಿ ತಂಬೂರಿ ಕೇಳಿ ಬೆಳೆದವನಿಗೆ ಇದಕ್ಕಿಂತ ಅವಮಾನ ಬೇಕೆ?

"ಭಾರದ ಹಿತ್ತಾಳೆ ಬ್ರಿಜ್ ಹಾಕ್ಸು, ಸಸ್ಟೇನ್ ತಾನಾಗಿ ಬರುತ್ತೆ" ಅಂದರು ತಿಳಿದವರು. ಹಾಕಿಸಿದೆ. ಗಿಟಾರು ಭಾರವಾಯಿತು, ಜೇಬು ಹಗುರಾಯಿತು. ಆ ಸ್ವರ ಮಾತ್ರ ಹಾಗೇ ಸಾಯುತ್ತಿತ್ತು.

ದೋಷವಿದ್ದದ್ದು ಗಿಟಾರಿನ ಕತ್ತಿನಲ್ಲಿ. ಉದ್ದನೆಯ ಮರದ ಕತ್ತಿಗೂ ತನ್ನದೇ ಕಂಪನವುಂಟು. ಯಾವುದಾದರೂ ಸ್ವರದ ಕಂಪನ ಅದಕ್ಕೆ ತಾಳೆಯಾದರೆ ಕತ್ತು ತಂತಿಯ ಶಕ್ತಿಯನ್ನು ಹೀರಿಬಿಡುತ್ತದೆ. ಫೆಂಡರ್ ಮಾದರಿಯ ಬೇಸ್‌ಗಳಲ್ಲಿ ಇಂಥ ಜಾಗ ಹೆಚ್ಚಾಗಿ ಸಿಕ್ಕುವುದು ಜಿ ತಂತಿಯ 5ರಿಂದ 7ನೇ ಫ್ರೆಟ್ಟಿನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 131ರಿಂದ 147 ಕಂಪನಗಳ ನಡುವೆ. ಕತ್ತಿನ ತುದಿಗೆ ಬಟ್ಟೆ ಸುತ್ತಿ, ಬಡಗಿಯ ಸಣ್ಣ ಕ್ಲಾಂಪೊಂದನ್ನು ಬಿಗಿದೆ. ತುದಿಯ ತೂಕ ಹೆಚ್ಚಿದ್ದರಿಂದ ಕತ್ತಿನ ಕಂಪನ ಇಳಿಯಿತು. ಸತ್ತ ಷಡ್ಜ ಎದ್ದು ಕೂತಿತು! ದೋಷ ಪೂರ್ತಿ ಹೋಗಲಿಲ್ಲ, ನಾನು ಹೆಚ್ಚು ಬಳಸದ 4ನೇ ಫ್ರೆಟ್ಟಿಗೆ ಜರುಗಿತು. ಕ್ಲಾಂಪೂ ಇಲ್ಲವೇ? ಅದೇ ಸ್ವರ ಡಿ ತಂತಿಯ 10ನೇ ಫ್ರೆಟ್ಟಿನಲ್ಲೂ ಸಿಗುತ್ತದೆ, ಪುಕ್ಕಟೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಅಂಗಡಿಗೆ ಹೋಗುವ ಮೊದಲು ನಮ್ಮ ಕೈಯನ್ನು ನಾವೇ ಪರೀಕ್ಷಿಸಬೇಕು. ಬೆರಳನ್ನು ಫ್ರೆಟ್ಟಿನ ಬೆನ್ನಿಗೇ ಒತ್ತಿ, ಸ್ವರ ಮುಗಿಯುವ ತನಕ ಸಡಿಲಿಸಬೇಡಿ. ನನ್ನ ಅರ್ಧದಷ್ಟು ಸ್ವರಗಳನ್ನು ಕೊಂದದ್ದು ನನ್ನ ಬೆರಳೇ! ಆಮೇಲೆ ಕತ್ತಿನ ಬೋಲ್ಟು ಬಿಗಿಯಾಗಿದೆಯೇ ನೋಡಿ. ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ಅಯಸ್ಕಾಂತದ ಸೆಳೆತ ತಂತಿಯನ್ನು ತಡೆಯುತ್ತದೆ, ಒಂದಿಷ್ಟು ಇಳಿಸಿ. ತಂತಿ ಹಳತಾಗಿದ್ದರೆ ಬದಲಿಸಿ. ದುಡ್ಡು ಖರ್ಚಾಗೋದು ಇಲ್ಲೊಂದೇ ಕಡೆ.

ಇನ್ನೂ ಒಂದು ಮಾತು. ಎಲ್ಲ ಸ್ವರವೂ ದೀರ್ಘಾಯುವಾಗಬೇಕೆಂಬ ಹಟವಾದರೂ ಯಾಕೆ? ಮೋಟೌನ್ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ (1936-1983) ತಮ್ಮ 1962ರ ಫೆಂಡರ್ ಪ್ರಿಸಿಷನ್‌ಗೆ ಹಾಕಿದ ತಂತಿಯನ್ನು ಅದು ಹರಿಯುವವರೆಗೆ ಬದಲಿಸುತ್ತಿರಲಿಲ್ಲ. ಬ್ರಿಜ್ಜಿನ ಮುಚ್ಚಳದೊಳಗೆ ಸ್ಪಂಜಿನ ತುಂಡಿಟ್ಟು ನಾದವನ್ನು ಬೇಕೆಂದೇ ಮೊಟಕು ಮಾಡಿದವರು. ಆ ಗಿಡ್ಡ ಸ್ವರಗಳ ಮೇಲೆಯೇ ಲೋಕ ಕುಣಿಯಿತು. ಸ್ವರ ಯಾವಾಗ ನಿಲ್ಲಬೇಕೆಂದು ಅವರ ಕೈಗೆ ಗೊತ್ತಿತ್ತು. ನನ್ನ ಕೈ ಅದನ್ನು ಈಗ ಕಲಿಯುತ್ತಿದೆ.

ಯಾರಾದರೂ ಹಿತ್ತಾಳೆ ಬ್ರಿಜ್ ಕೊಳ್ಳಲು ಹೊರಟಿದ್ದರೆ ಮೊದಲು ನನ್ನ ರೂಮಿಗೆ ಬನ್ನಿ. ಕ್ಲಾಂಪ್ ಕೊಡ್ತೀನಿ. ಎರವಲು ಮಾತ್ರ, ವಾಪಸ್ ಬೇಕು!