‘ಅಡ್ಜಸ್ಟ್ ಆಗುತ್ತೆ’ ಅನ್ನುವ ಮುಂಚೆ

ಮನೆಯಲ್ಲಿ ಆಸ್ಕರ್ ಸಾಕಿದವರೇ, ಫ್ಲವರ್‌ಹಾರ್ನ್ ಸಾಕಿದವರೇ, ಗ್ರೀನ್ ಟೆರರ್, ರೆಡ್ ಡೆವಿಲ್, ಜಾಗ್ವಾರ್ ಎಂಬ ಹೆಸರಿಗೇ ಮರುಳಾಗಿ ಮರಿ ತಂದವರೇ, ಈ ಭಾನುವಾರ ಅಕ್ವೇರಿಯಂ ಅಂಗಡಿಗೆ ಹೊರಡುವ ಮುಂಚೆ ಸ್ವಲ್ಪ ನಿಲ್ಲಿ. ‘ಪಾಪ, ಒಂಟಿಯಾಗಿದೆ, ಅದಕ್ಕೊಂದು ಜೊತೆ ತರೋಣ’ ಅಂದುಕೊಂಡು ಹೊರಟಿದ್ದೀರಿ. ಬೇಸರ ಬಂದಿರುವುದು ಯಾರಿಗೆ? ಗಾಜಿನ ಒಳಗಿರುವ ಮೀನಿಗೋ, ಹೊರಗೆ ಸೋಫಾದ ಮೇಲೆ ಕೂತು ಅದನ್ನೇ ನೋಡಿ ನೋಡಿ ಸಾಕಾಗಿರುವ ನಮಗೋ? ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಅರ್ಧ ಜನ ಚಪ್ಪಲಿ ಬಿಚ್ಚಿ ಮನೆಯಲ್ಲೇ ಉಳಿಯುತ್ತೀರಿ.

ಅಂಗಡಿಯಲ್ಲಿ ನಾವು ಕೇಳುವುದು ಒಂದೇ ಪ್ರಶ್ನೆ: ‘ಇದನ್ನ ಆಸ್ಕರ್ ಜೊತೆ ಹಾಕಬಹುದಾ?’ ಸಿಗುವುದೂ ಒಂದೇ ಉತ್ತರ: ‘ಹಾಕಿ ಸಾರ್, ಎರಡು ದಿನ ಕಚ್ಚಾಡ್ತವೆ, ಆಮೇಲೆ ಅಡ್ಜಸ್ಟ್ ಆಗುತ್ತೆ.’ ಆ ಎರಡು ದಿನ ಕಳೆದ ಮೇಲೆ ಏನಾಯಿತೆಂದು ನೋಡಲು ಅಂಗಡಿಯವನು ನಮ್ಮ ಮನೆಗೆ ಬರುವುದಿಲ್ಲ. ನೋಡಬೇಕಾದವರು ನಾವು. ನೋಡಿದ್ದೇವೆ ಕೂಡ. ಫಿಲ್ಟರ್ ಪೈಪಿನ ಹಿಂದೆ, ನೀರಿನ ಮೇಲ್ಭಾಗದ ಮೂಲೆಯಲ್ಲಿ, ರೆಕ್ಕೆ ಮಡಚಿ, ಬಣ್ಣ ಕಪ್ಪಿಟ್ಟು, ಬಾಲ ಹರಿದು ನಿಂತ ಮೀನನ್ನು ಆಸ್ಕರ್‌ನಂಥ ದೊಡ್ಡ ಸಿಕ್ಲಿಡ್ ಜಾತಿಯ ಮೀನು ಸಾಕಿದ ಯಾರು ನೋಡಿಲ್ಲ ಹೇಳಿ? ಊಟ ಹಾಕಿದರೂ ಅದು ಕೆಳಗಿಳಿಯುವುದಿಲ್ಲ. ಒಂದು ಬೆಳಿಗ್ಗೆ ತೇಲುತ್ತಿರುತ್ತದೆ. ‘ನಿನ್ನೆವರೆಗೂ ಚೆನ್ನಾಗಿತ್ತು, ಇದ್ದಕ್ಕಿದ್ದಂತೆ ಹೋಯ್ತು’ ಅನ್ನುತ್ತೇವೆ. ಇದ್ದಕ್ಕಿದ್ದಂತೆ ಹೋಗಲಿಲ್ಲ. ನಮ್ಮ ಟೀವಿಯ ಪಕ್ಕದಲ್ಲೇ, ನಾವು ಹಾಕಿದ ಬಣ್ಣದ ಲೈಟಿನ ಕೆಳಗೇ, ದಿನದಿನಕ್ಕೆ ಸತ್ತಿತು.

ಆಸ್ಕರ್ ಅಮೆಜಾನ್ ಕೊಳ್ಳದ ನಿಧಾನ ನೀರಿನದು. ರೆಡ್ ಡೆವಿಲ್, ಮೈಡಸ್ ಸಿಕ್ಲಿಡ್‌ಗಳು ಮಧ್ಯ ಅಮೆರಿಕದ ನಿಕರಾಗುವಾದ ಸರೋವರಗಳವು. ಈ ದೊಡ್ಡ ಸಿಕ್ಲಿಡ್‌ಗಳ ಜಗಳಕ್ಕೆ ಒಂದು ಕ್ರಮವಿದೆ. ಮೊದಲು ಬಣ್ಣ ಗಾಢವಾಗುತ್ತದೆ, ರೆಕ್ಕೆ ಬಿಚ್ಚಿಕೊಳ್ಳುತ್ತದೆ, ಕಿವಿರಿನ ಮುಚ್ಚಳ ಅರಳುತ್ತದೆ. ಆಮೇಲೆ ಪಕ್ಕಕ್ಕೆ ಪಕ್ಕ ನಿಂತು, ಬಾಲ ಬೀಸಿ, ಒಂದು ಇನ್ನೊಂದರ ಮೇಲೆ ನೀರನ್ನು ತಳ್ಳುತ್ತದೆ. ಅಷ್ಟಕ್ಕೂ ಇತ್ಯರ್ಥವಾಗದಿದ್ದರೆ ಬಾಯಿಗೆ ಬಾಯಿ ಕಚ್ಚಿ ಎಳೆದಾಟ. ಬಲ ಯಾರದ್ದೆಂದು ಗೊತ್ತಾದ ಕೂಡಲೇ ಸೋತದ್ದು ರೆಕ್ಕೆ ಮಡಚಿ ಅಲ್ಲಿಂದ ಹೊರಟುಹೋಗುತ್ತದೆ. ಗೆದ್ದದ್ದು ತನ್ನ ಗಡಿಯವರೆಗೆ ಅಟ್ಟಿ ಹಿಂತಿರುಗುತ್ತದೆ. ಸರೋವರದಲ್ಲಿ ಜಗಳ ಮುಗಿಯುವುದೇ ಹೀಗೆ, ಸೋತದ್ದು ಹೊರಡುವುದರಿಂದ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಬಾರ್ಲೋ ಮೈಡಸ್ ಮೀನುಗಳ ನಡವಳಿಕೆಯನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಗಾತ್ರ ಒಂದೇ ಇದ್ದರೂ ಚಿನ್ನದ ಬಣ್ಣದ ಮೀನು ಮಾಮೂಲಿ ಬೂದು ಬಣ್ಣದ್ದನ್ನು ಮಣಿಸುತ್ತದೆ ಎಂದು ಅವರು ತೋರಿಸಿದರು. ಅಂದರೆ ನಾವು ‘ಇದು ಕಲರ್ ಚೆನ್ನಾಗಿದೆ’ ಎಂದು ಆರಿಸುವ ಹೊತ್ತಿಗೇ ಯಾರು ಹೊಡೆಯಬೇಕು, ಯಾರು ಹೊಡೆಸಿಕೊಳ್ಳಬೇಕು ಎಂಬುದನ್ನೂ ನಿರ್ಧರಿಸಿಬಿಟ್ಟಿರಬಹುದು.

ನಮ್ಮ ನಾಲ್ಕು ಅಡಿಯ ಗಾಜಿನಲ್ಲಿ ಗಡಿಯ ಆಚೆ ಎಂಬುದೇ ಇಲ್ಲ. ಸೋತ ಮೀನು ಸೋಲನ್ನು ಒಪ್ಪಿಕೊಂಡಾಗಿದೆ, ಹೋಗುವುದಕ್ಕೆ ಜಾಗವಿಲ್ಲ. ಗೆದ್ದ ಮೀನಿಗೆ ಕಾಣುವುದು ಇಷ್ಟೇ: ಇದು ಇನ್ನೂ ಇಲ್ಲೇ ಇದೆ. ಮತ್ತೆ ಹೊಡೆಯುತ್ತದೆ. ಅದು ಇನ್ನೂ ಇಲ್ಲೇ ಇರುತ್ತದೆ. ಬಸ್ಸಿನಲ್ಲಿ ಪಕ್ಕದವರ ಜೊತೆ ಜಗಳವಾದರೆ ಮುಂದಿನ ಸ್ಟಾಪಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯುವ ನಮಗೆ ಇದರ ಅರ್ಥ ಗೊತ್ತಾಗಬೇಕಿತ್ತು. ‘ನಮ್ಮ ಆಸ್ಕರ್ ರೌಡಿ ಕಣ್ರೀ’ ಎಂದು ನಗುತ್ತಾ ಮೊಬೈಲಿನಲ್ಲಿ ವಿಡಿಯೋ ಹಿಡಿಯುವವರೇ, ಆ ಮೀನು ತನ್ನ ಮನೆ ಕಾಯುವ ಕೆಲಸವನ್ನಷ್ಟೇ ಮಾಡುತ್ತಿದೆ. ಕ್ರೌರ್ಯ ಅಂತ ಏನಾದರೂ ಅಲ್ಲಿದ್ದರೆ ಅದು ಕ್ಯಾಮೆರಾದ ಈ ಕಡೆ ಇದೆ.

2011ರಲ್ಲಿ ರೊನಾಲ್ಡ್ ಓಲ್ಡ್‌ಫೀಲ್ಡ್ ಎಂಬ ಅಮೆರಿಕದ ಜೀವವಿಜ್ಞಾನಿ ಮೈಡಸ್ ಮರಿಗಳ ಮೇಲೆ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಮನೆಗಳಲ್ಲಿರುವ ಮಾಮೂಲಿ ಅಳತೆಯ ತೊಟ್ಟಿಗಳಲ್ಲಿ ಜಾಗ ಸ್ವಲ್ಪ ಹೆಚ್ಚಿಸಿದರೂ, ಮೀನುಗಳ ಸಂಖ್ಯೆ ಬದಲಿಸಿದರೂ ಕಾದಾಟ ತಗ್ಗಲಿಲ್ಲ. ತಗ್ಗಿದ್ದು ಸುಮಾರು 380 ಲೀಟರಿನ, ಅಡಗಿಕೊಳ್ಳಲು ಬೇಕಾದಷ್ಟು ಮರೆಯಿದ್ದ ತೊಟ್ಟಿಯಲ್ಲಿ. ಅದೂ ಮರಿಗಳಿಗೆ! ಎರಡು ಅಡಿ ಟ್ಯಾಂಕನ್ನು ಮೂರು ಅಡಿಗೆ ಬದಲಾಯಿಸಿ ಉಪಕಾರ ಮಾಡಿದೆವೆಂದು ಬೀಗುವ ನಮಗೆ ಇದು ಕಹಿ ಸುದ್ದಿ.

ಲೆಕ್ಕ ಹಾಕೋಣ ಬನ್ನಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದು ಸುಮಾರು 57 ಲೀಟರ್ ನೀರು. ನಾಲ್ಕಡಿ ಉದ್ದ, ಅಗಲ ಎತ್ತರ ಒಂದೂವರೆ ಅಡಿಯಾದರೆ ಸುಮಾರು 255 ಲೀಟರ್. ಬೆರಳುದ್ದದ ಆಸ್ಕರ್ ಮರಿ ಒಂದು ವರ್ಷದ ಆಸುಪಾಸಿನಲ್ಲಿ ಮುಕ್ಕಾಲು ಅಡಿ ದಾಟುತ್ತದೆ, ಆಮೇಲೆ ಒಂದು ಅಡಿಗೆ ಬಂದು ನಿಲ್ಲುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಒಂದೂವರೆ ಅಡಿ ಅಗಲದ ಟ್ಯಾಂಕಿನಲ್ಲಿ ಒಂದಡಿ ಮೀನು ತಿರುಗಬೇಕು. ನಾಲ್ಕಡಿಯ ಟ್ಯಾಂಕು ಒಂದೇ ಒಂದು ಆಸ್ಕರ್‌ಗೆ ಸರಿ, ಅದೂ ಸ್ವಲ್ಪ ಕಷ್ಟದಲ್ಲೇ. ಜೊತೆ ಬೇಕೆಂದರೆ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರಕ್ಕೆ ಹೋಗಿ, 680 ಲೀಟರ್. ನೀರಿನ ತೂಕವೇ 680 ಕೆಜಿ. (ಬಾಡಿಗೆ ಮನೆಯ ಮೂರನೇ ಮಹಡಿಯಲ್ಲಿರುವವರು ಓನರನ್ನು ಒಂದು ಮಾತು ಕೇಳಿ.) ‘ಇದೇನು ಶ್ರೀಮಂತರ ಹವ್ಯಾಸವೇ’ ಎಂದು ಸಿಟ್ಟು ಬರುತ್ತದೆ, ಗೊತ್ತು. ನಮ್ಮ ಹತ್ತಿರ ದುಡ್ಡಿಲ್ಲ ಎಂದರೆ ಮೀನಿನ ಬಾಲ ಗಿಡ್ಡವಾಗುವುದಿಲ್ಲವಲ್ಲ. ಚಿಕ್ಕ ಟ್ಯಾಂಕಿಗೆ ಹೊಂದುವ ಚೆಲುವಾದ ಚಿಕ್ಕ ಮೀನುಗಳು ಬೇಕಾದಷ್ಟಿವೆ.

ಇನ್ನು ನಾವು ಆರಿಸುವ ಜೊತೆಗಾರರನ್ನು ನೋಡಿ. ಬಾಯಿಗೆ ಹಿಡಿಸುವ ಯಾವ ಮೀನೂ ಆಸ್ಕರ್‌ಗೆ ಸ್ನೇಹಿತನಲ್ಲ, ಊಟ. ಟೆಟ್ರಾ, ಗಪ್ಪಿಗಳ ಮಾತು ಬಿಡಿ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟದ, ಅಳಿವಿನ ಅಂಚಿನಲ್ಲಿರುವ ಕೆಂಪು ಗೆರೆಯ ಮಿಸ್ ಕೇರಳ ಮೀನನ್ನೂ ಅಂದಕ್ಕೆಂದು ತಂದು ಹಾಕುವವರಿದ್ದಾರೆ. ಕೆಲವರು ಬೇಕೆಂದೇ ಊಟಕ್ಕೆ ಗೋಲ್ಡ್ ಫಿಶ್ ಮರಿ ಹಾಕಿ ನೆಂಟರನ್ನು ಕರೆದು ತೋರಿಸುತ್ತಾರೆ. ಗೋಲ್ಡ್ ಫಿಶ್ ಮಾಂಸದಲ್ಲಿ ಬಿ1 ವಿಟಮಿನ್ ಒಡೆದುಹಾಕುವ ಕಿಣ್ವವಿದೆ. ದಿನವೂ ಅದನ್ನೇ ತಿಂದ ಮೀನು ಸೊರಗುತ್ತದೆ. ಅಂಗಡಿಯ ಕಿಕ್ಕಿರಿದ ತೊಟ್ಟಿಯಿಂದ ಬರುವ ರೋಗ ಬೇರೆ. ಇನ್ನು ಗಾಜು ಉಜ್ಜಲು ತರುವ ಸಕ್ಕರ್ ಮೀನು. ಅದು ರಾತ್ರಿ ಹೊತ್ತು ಅಗಲ ಮೈಯ ಮೀನಿನ ಪಕ್ಕಕ್ಕೆ ಅಂಟಿ ಮೈಮೇಲಿನ ಲೋಳೆ ಕೆರೆದು ತಿನ್ನುವುದುಂಟು. ಮುಳ್ಳಿರುವ ಸಣ್ಣ ಬೆಕ್ಕುಮೀನನ್ನು ಆಸ್ಕರ್ ನುಂಗಲು ಹೋದರೆ ಮುಳ್ಳು ಸೆಟೆದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಷ್ಟೋ ಸಲ ಎರಡೂ ಸಾಯುತ್ತವೆ.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಪ್ಯಾರಟ್ ಮೀನನ್ನು ಕಂಡರೆ. ಕಿತ್ತಳೆ ಬಣ್ಣದ, ದುಂಡು ಮೈಯ, ಮಕ್ಕಳು ಕೈತೋರಿಸಿ ಕೇಳುವ ಮೀನದು. ಬೇರೆ ಬೇರೆ ಸಿಕ್ಲಿಡ್‌ಗಳನ್ನು ಬೆರಕೆ ಮಾಡಿ ಮನುಷ್ಯ ಮಾಡಿಕೊಂಡ ಜೀವ. ಬೆರಕೆಯಲ್ಲಿ ಬಾಯಿ ಕೆಟ್ಟಿತು, ಪೂರ್ತಿ ಮುಚ್ಚುವುದಿಲ್ಲ. ಊಟವನ್ನು ಅದು ಗಂಟಲ ಹಲ್ಲಿನಲ್ಲೇ ಅರೆಯಬೇಕು. ಸಿಕ್ಲಿಡ್‌ಗೆ ಆಯುಧವೂ ಬಾಯಿಯೇ, ಮಾತೂ ಬಾಯಿಯೇ. ಅದನ್ನೇ ಕಿತ್ತುಕೊಂಡು, ಕೊನೆಗೆ ಈ ಮೀನನ್ನು ಫ್ಲವರ್‌ಹಾರ್ನ್ ಜೊತೆಗೆ ಬಿಡುತ್ತೇವೆ, ‘ಇಬ್ಬರಿಗೂ ಒಂದೇ ಕಲರ್, ಮ್ಯಾಚ್ ಆಗುತ್ತೆ’ ಎಂದು. ಈ ಜಗಳದಲ್ಲಿ ಅದು ಎದುರು ಕಚ್ಚಲೂ ಆರದು. ಫ್ಲವರ್‌ಹಾರ್ನ್ ಕೂಡ 1990ರ ದಶಕದಲ್ಲಿ ಮಲೇಶ್ಯಾದಲ್ಲಿ ಬೆರಕೆಯಿಂದ ಹುಟ್ಟಿದ್ದೇ. ಅದಕ್ಕೆ ಹಿಂತಿರುಗಿ ಹೋಗಲು ಜಗತ್ತಿನಲ್ಲಿ ಒಂದು ಹೊಳೆಯೂ ಇಲ್ಲ. ತಲೆಯ ಉಬ್ಬು ನೋಡಿ ಅದೃಷ್ಟ, ವಾಸ್ತು ಎಂದು ತರುತ್ತೀರಿ. ತನ್ನಿ. ಒಂಟಿಯಾಗಿ ಬಿಡಿ. ಫ್ಲವರ್‌ಹಾರ್ನ್‌ಗೆ ಜೊತೆ ಬೇಡ. ಅದು ಗಾಜಿನ ಹತ್ತಿರ ಬಂದು ನಿಮ್ಮ ಕೈ ಹಿಂದೆ ಹಿಂದೆಯೇ ಓಡಾಡುತ್ತದಲ್ಲ, ಅದರ ಸಂಗ ನೀವೇ.

ಹಾಗಾದರೆ ಯಾರೂ ಆಗುವುದಿಲ್ಲವೇ? ಆಗುತ್ತಾರೆ, ಜಾಗವಿದ್ದರೆ. ಆರಡಿಯ ಟ್ಯಾಂಕಿನಲ್ಲಿ ಆಸ್ಕರ್ ಜೊತೆ ಸಿಲ್ವರ್ ಡಾಲರ್‌ಗಳ ಒಂದು ಗುಂಪು, ಐದಾರಾದರೂ ಇರಲಿ, ಚೆನ್ನಾಗಿ ಬಾಳುತ್ತದೆ: ಅಗಲ ಮೈ, ಚುರುಕು ಓಟ, ಸೊಪ್ಪು ತಿನ್ನುವ ಜಾತಿ, ನೆಲದ ಮೇಲೆ ಹಕ್ಕು ಸಾಧಿಸುವುದಿಲ್ಲ. ಟಿನ್‌ಫಾಯಿಲ್ ಬಾರ್ಬ್ ಕೂಡ ಹಾಗೆಯೇ, ಆದರೆ ಅದೂ ಒಂದಡಿ ಬೆಳೆಯುತ್ತದೆ. ತಳದಲ್ಲಿ ಗಟ್ಟಿ ಹುರುಪೆಯ ಬಿಷಿರ್. ಸಿಕ್ಲಿಡ್ಡೇ ಬೇಕೆಂದರೆ ಸಮಗಾತ್ರದ ಸೆವೆರಂನಂಥ ಸಾಧು ಸ್ವಭಾವದ್ದು. ನೋಡಲು ಆಸ್ಕರ್‌ನಂತೆಯೇ ಇರುವುದನ್ನು ತರಬೇಡಿ. ತನ್ನಂತೆ ಕಾಣುವ ಮೀನೇ ಸಿಕ್ಲಿಡ್‌ನ ಕಣ್ಣಿಗೆ ಮೊದಲ ಎದುರಾಳಿ. ಆಫ್ರಿಕಾದ ಮಲಾವಿ ಸರೋವರದ ನೀಲಿ ಹಳದಿ ಮೀನುಗಳನ್ನೂ ಬೆರೆಸಬೇಡಿ. ಅವುಗಳದ್ದು ಗಡುಸು ಕ್ಷಾರದ ನೀರು, ಅಮೆಜಾನಿನದು ಮೆದು ನೀರು, ಇಬ್ಬರ ಜಗಳದ ರೀತಿಯೂ ಬೇರೆ. ಇಷ್ಟೆಲ್ಲ ನೋಡಿ ತಂದ ಮೇಲೂ ಆಗಿಬರದಿರಬಹುದು. ಪ್ರತಿ ಮೀನಿಗೂ ಅದರದ್ದೇ ಸ್ವಭಾವ. ಪಕ್ಕದ ಮನೆಯ ಆಸ್ಕರ್ ಸಾಧು ಎಂದ ಮಾತ್ರಕ್ಕೆ ನಿಮ್ಮದೂ ಹಾಗೇ ಇರಬೇಕೆಂದಿಲ್ಲ.

ಆದ್ದರಿಂದಲೇ ನಾನು ಕೈಮುಗಿದು ಕೇಳುವುದು ಒಂದನ್ನು: ಎರಡನೆಯ ಟ್ಯಾಂಕ್ ಇಲ್ಲದೆ ಎರಡನೆಯ ಮೀನನ್ನು ತರಬೇಡಿ. ಆ ಟ್ಯಾಂಕ್ ಅಂದವಾಗಿರಬೇಕಿಲ್ಲ. ಕಲ್ಲು, ಗಿಡ, ಲೈಟು ಏನೂ ಬೇಡ. ಮೂರಡಿಯ ಹಳೆಯ ಗಾಜಿನ ಪೆಟ್ಟಿಗೆ, ಓಡುತ್ತಿರುವ ಒಂದು ಸ್ಪಂಜ್ ಫಿಲ್ಟರ್, ಮೇಲೊಂದು ಮುಚ್ಚಳ ಸಾಕು. ಹೊಸ ಮೀನು ಮೊದಲು ನಾಲ್ಕು ವಾರ ಅಲ್ಲಿರಲಿ. ಬಿಳಿಚುಕ್ಕೆ ರೋಗವಿದ್ದರೆ ಅಲ್ಲೇ ಬಯಲಾಗುತ್ತದೆ, ಹಳೆಯ ಮೀನಿಗೆ ತಗಲುವುದಿಲ್ಲ. ದೊಡ್ಡ ಟ್ಯಾಂಕಿಗೆ ಬಿಡುವ ದಿನ ಕಲ್ಲು ಮರದ ತುಂಡುಗಳ ಜಾಗ ಬದಲಿಸಿ, ಹಳೆಯ ಮೀನಿಗೂ ಅದು ಹೊಸ ಮನೆಯಾಗಲಿ. ಊಟ ಹಾಕಿ, ಲೈಟ್ ಆರಿಸಿ ಬಿಡಿ. ಸಾಧ್ಯವಾದರೆ ಮೊದಲ ಕೆಲವು ದಿನ ನಡುವೆ ತೂತುಗಳಿರುವ ಅಡ್ಡಹಲಗೆ ಇಡಿ. ಆಮೇಲೆ ನೋಡುತ್ತಿರಿ. ಅಟ್ಟಾಟ ಸಹಜ. ಒಂದು ಮೀನು ಊಟ ಬಿಟ್ಟರೆ, ಮೂಲೆ ಸೇರಿದರೆ, ಅದೇ ದಿನ ತೆಗೆದು ಬೇರೆ ಟ್ಯಾಂಕಿಗೆ ಹಾಕಿ. ನಾಳೆ ನೋಡೋಣ ಅನ್ನಬೇಡಿ. ಮೀನು ಕಿರುಚುವುದಿಲ್ಲ, ನಾಯಿಯಂತೆ ಕುಂಯ್‌ಗುಟ್ಟುವುದಿಲ್ಲ. ನಾವು ಇಷ್ಟು ನಿಶ್ಚಿಂತೆಯಿಂದ ನಿದ್ದೆ ಮಾಡುವುದು ಅದಕ್ಕೇ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಉಳಿದೆಲ್ಲ ಜೀವಿಗಳನ್ನೂ ಪ್ರಾಣಿ ಎಂದೇ ಕರೆದಿದೆ. ಮೀನನ್ನು ಅದು ಹೊರಗಿಟ್ಟಿಲ್ಲ. ಹೊರಗಿಟ್ಟಿರುವವರು ನಾವು.

‘ಆಗಿಬರಲಿಲ್ಲ, ಕೆರೆಗೆ ಬಿಟ್ಟುಬಿಟ್ಟೆ, ಪುಣ್ಯ ಬರಲಿ’ ಎನ್ನುವವರಿಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಅದು ಪುಣ್ಯವಲ್ಲ. ನಮ್ಮ ಕೆರೆಗಳಲ್ಲೆಲ್ಲ ತುಂಬಿರುವ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಆಫ್ರಿಕಾದ ಸಿಕ್ಲಿಡ್. 1952ರಲ್ಲಿ ಭಾರತಕ್ಕೆ ತಂದದ್ದು, ಇವತ್ತಿಗೂ ತೆಗೆಯಲಾಗಿಲ್ಲ. ಗಾಜು ಉಜ್ಜುವ ಸಕ್ಕರ್ ಮೀನು ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕಿತು. ಅದು ತಾನಾಗಿ ಈಜಿಕೊಂಡು ಬಂದಿರಲಿಲ್ಲ. ಫ್ಲವರ್‌ಹಾರ್ನ್ ಹುಚ್ಚು ಇಳಿದಾಗ ಸಿಂಗಾಪುರ, ಮಲೇಶ್ಯಾಗಳ ಜನವೂ ಹೀಗೆಯೇ ಕೈತೊಳೆದುಕೊಂಡರು. ಭಾರತಕ್ಕೆ ತನ್ನದೇ ಎಂದು ಇರುವ ಸಿಕ್ಲಿಡ್‌ಗಳು ಮೂರೇ ಜಾತಿ. ಅದರಲ್ಲಿ ಒಂದು, ಎಟ್ರೋಪ್ಲಸ್ ಕೆನರೆನ್ಸಿಸ್, ದಕ್ಷಿಣ ಕನ್ನಡದ ನದಿಗಳ ಮೀನು. ನಮ್ಮ ಕನ್ನಡ ನಾಡಿನ ಹೆಸರನ್ನೇ ಹೊತ್ತದ್ದು, ಅಂಗೈಗಿಂತ ಸ್ವಲ್ಪ ದೊಡ್ಡದು, ಅಳಿವಿನ ಅಂಚಿನಲ್ಲಿರುವುದು. ಆ ನೀರಿಗೆ ಒಂದಡಿಯ ಆಸ್ಕರನ್ನು ಬಿಟ್ಟವನು ಅಲ್ಲೂ ಅದೇ ಕೆಲಸ ಮಾಡಿದ, ಹೋಗಲು ಬೇರೆ ಜಾಗವಿಲ್ಲದ ಮೀನಿನ ಮೇಲೆ ಇನ್ನೊಂದನ್ನು ತಂದು ಬಿಟ್ಟ.

ಕೊನೆಗೆ, ಅಂಗಡಿ ಇಟ್ಟಿರುವ ಅಣ್ಣಂದಿರೇ. ಬಾಡಿಗೆ, ಕರೆಂಟ್ ಬಿಲ್ಲು, ಚೆನ್ನೈನ ಕೊಳತ್ತೂರಿನಿಂದ ಬಂದ ಚೀಲದಲ್ಲೇ ಸತ್ತ ಮೀನುಗಳ ನಷ್ಟ, ಎಲ್ಲ ಗೊತ್ತು. ವ್ಯಾಪಾರ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಹೊಂದದ ಮೀನನ್ನು ಗಿರಾಕಿ ವಾಪಸ್ ತಂದರೆ ಅರ್ಧ ಬೆಲೆಗಾದರೂ ತೆಗೆದುಕೊಳ್ಳಿ. ಕೆರೆಗೆ ಹೋಗುವುದು ತಪ್ಪುತ್ತದೆ, ನಿಮಗೂ ಇನ್ನೊಂದು ಮಾರಾಟ. ‘ಹಾಕಬಹುದಾ’ ಎಂದು ಕೇಳಿದವರಿಗೆ ‘ನಿಮ್ಮ ಟ್ಯಾಂಕ್ ಎಷ್ಟಡಿ’ ಎಂದು ಮೊದಲು ಕೇಳಿ. ಗಾಜಿನ ಮೇಲೆ ಜೋಡಿಗೆ ಇಷ್ಟು ರೂಪಾಯಿ ಎಂದು ಬರೆಯುತ್ತೀರಲ್ಲ, ಅದರ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಬೆಳೆಯುವ ಉದ್ದ ಒಂದು ಅಡಿ, ಆಯಸ್ಸು ಹತ್ತು ವರ್ಷಕ್ಕೂ ಮೇಲೆ. ಮಾರ್ಕರ್ ಪೆನ್ನು ನಿಮ್ಮ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ.